ಸೂರ್ಯನ ಪಕ್ಕದಲ್ಲಿ ಶನಿ

ಕೆಂಪು, ನೀಲ ಎರಡೂ ಒಂದೇ ಉಂಗುರದಲ್ಲಿ ಬೇಕು ಅಂದಾಗ ನಗರ್ತಪೇಟೆಯ ಆಚಾರ್ರು ಕನ್ನಡಕ ಹಣೆಗೇರಿಸಿ ನನ್ನ ಮುಖ ನೋಡಿದರು.

"ಆಗಲ್ಲಮ್ಮ. ಕೆಂಪು ಸೂರ್ಯಂದು, ನೀಲ ಶನಿದು. ಇಬ್ರಿಗೂ ಆಗ್ಬರಲ್ಲ."

ನವರತ್ನದ ಉಂಗುರದಲ್ಲಿ ಒಟ್ಟಿಗೆ ಇರ್ತಾರಲ್ಲ ಅಂದೆ.

"ಅಲ್ಲಿ ಒಂಬತ್ತೂ ಜನ ಇರ್ತಾರೆ, ಅದು ಬೇರೆ. ಇದನ್ನ ಯಾರು ಬರೆದುಕೊಟ್ರು ನಿಮಗೆ?"

ಯಾರೂ ಬರೆದುಕೊಟ್ಟಿರಲಿಲ್ಲ. ಮುಗಿಯದ ಮೀಟಿಂಗೊಂದರಲ್ಲಿ ನೋಟ್‌ಬುಕ್ಕಿನ ಮೂಲೆಯಲ್ಲಿ ನಾನೇ ಗೀಚಿದ್ದು. ಮಧ್ಯೆ ಕಡಲೆಕಾಳಿನಷ್ಟು ಕೆಂಪು, ಒಂದು ಪಕ್ಕ ನೀಲ, ಇನ್ನೊಂದು ಪಕ್ಕ ಹಸಿರು ಗಾರ್ನೆಟ್. ಜಂಬೂಸವಾರಿ ಆನೆ ಥರ ಇದೆ ಅಂತ ಗೆಳತಿ ನಕ್ಕಳು. ನಕ್ಕರೆ ನಗಲಿ. ನಮ್ಮಲ್ಲಿ ಬಣ್ಣದ ಕಲ್ಲು ಹಾಕಿಕೊಳ್ಳೋಕೆ ಒಂದೋ ಗ್ರಹಚಾರ ಕೆಟ್ಟಿರಬೇಕು, ಇಲ್ಲಾ ಮದುವೆ ನಿಶ್ಚಯ ಆಗಿರಬೇಕು. 'ನಂಗಿಷ್ಟ' ಅನ್ನೋದನ್ನ ಯಾರೂ ಕಾರಣ ಅಂತಲೇ ಒಪ್ಪಲ್ಲ.

ಅಂದಹಾಗೆ, ಶನಿ ಸೂರ್ಯನ ಮಗ. ಕೆಮಿಸ್ಟ್ರಿಯಲ್ಲೂ ಅವರದು ಒಂದೇ ಮನೆತನ. ಎರಡೂ ಕುರುಂದದ ಕಲ್ಲೇ. ಚೂರು ಕ್ರೋಮಿಯಂ ಸೇರಿದರೆ ಕೆಂಪು, ಕಬ್ಬಿಣ ಮತ್ತು ಟೈಟಾನಿಯಂ ಸೇರಿದರೆ ನೀಲಿ. ಏನೂ ಬೆರಕೆ ಇಲ್ಲದಿದ್ದರೆ ಬಣ್ಣವೇ ಇರುತ್ತಿರಲಿಲ್ಲ.

ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಅಂತಾರೆ. ಓಲೆ, ಮೂಗುತಿ, ಸರದ ಮಟ್ಟಿಗೆ ಅದು ನಿಜವೇ. ಹಾಕಿಕೊಂಡವಳಿಗೆ ಕನ್ನಡಿ ಇಲ್ಲದೆ ಅವು ಕಾಣೋದೇ ಇಲ್ಲ. ಉಂಗುರ ಹಾಗಲ್ಲ. ಟೈಪ್ ಮಾಡುವಾಗ, ಅನ್ನ ಕಲಸುವಾಗ, ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಸ್ಟೀರಿಂಗ್ ಹಿಡಿದು ಕೂತಾಗ, ಎಲ್ಲರಿಗಿಂತ ಹೆಚ್ಚು ಅದು ಕಾಣೋದು ನನಗೆ. ಹಾಗಾಗಿ ಇದು ನನ್ನಿಚ್ಛೆಯ ನೋಟ ಅಂತ ವಾದ ಮಾಡಿಕೊಂಡಿದ್ದೆ.

ವಾದ ಮುಗ್ಗರಿಸಿದ್ದು ಕಲ್ಲಿನ ಅಂಗಡಿಯಲ್ಲಿ. ಅವರು ಬಿಳಿ ಕಾಗದದ ಮೇಲೆ ಎರಡು ಕೆಂಪು ಇಟ್ಟರು. ಒಂದು ಗಣಿಯದ್ದು, ಬೆಲೆ ನನ್ನ ಎರಡು ತಿಂಗಳ ಬಾಡಿಗೆ. ಇನ್ನೊಂದು ಸಿಂಥೆಟಿಕ್, ಸಾವಿರ ರೂಪಾಯಿಯೊಳಗೆ. ಫ್ರಾನ್ಸಿನ ವೆರ್ನೂಯ್ 1902ರಲ್ಲೇ ಪುಡಿಯನ್ನು ಉರಿಯಲ್ಲಿ ಕರಗಿಸಿ ಕೆಂಪು ಬೆಳೆಸುವ ವಿಧಾನ ಪ್ರಕಟಿಸಿದ್ದ. ಅದೇ ವಸ್ತು, ಅದೇ ಗಟ್ಟಿತನ. ನನ್ನ ಕಣ್ಣಿಗಂತೂ ಸಿಂಥೆಟಿಕ್ಕೇ ಹೆಚ್ಚು ಚೊಕ್ಕವಾಗಿ ಕಂಡಿತು.

ನೋಡುವವಳು ನಾನೊಬ್ಬಳೇ ಆದರೆ ಅದು ಸಾಕಿತ್ತಲ್ಲ? ಆದರೂ ಗಣಿಯದ್ದನ್ನೇ ತಗೊಂಡೆ. ಭೂಮಿಯೊಳಗೆ ಕೋಟ್ಯಂತರ ವರ್ಷ ಕೂತು ಆದ ಕಲ್ಲು ಅಂತ ಸಮಾಧಾನ ಹೇಳಿಕೊಂಡೆ. ಬಿಲ್ ಮಾಡುವಾಗ ಅಂಗಡಿಯವರು, "ಹೀಟ್ ಮಾಡಿದ್ದು ಮೇಡಂ, ಬಣ್ಣ ಏರ್ಲಿ ಅಂತ ಮುಕ್ಕಾಲು ಮಾಲಿಗೆ ಹಾಗೆ ಮಾಡ್ತಾರೆ" ಅಂದರು. ಭೂಮಿಯ ಕೆಲಸಕ್ಕೂ ಕುಲುಮೆಯ ಟಚಪ್ಪು. ನಾನು ದುಡ್ಡು ಕೊಟ್ಟಿದ್ದು ಬಣ್ಣಕ್ಕಲ್ಲ, ಯಾರಾದರೂ ಕೇಳಿದರೆ 'ಅಸಲಿ' ಅನ್ನೋಕೆ. ಪರರು ಬಂದು ನನ್ನ ಪಕ್ಕದಲ್ಲೇ ಕೂತುಬಿಟ್ಟಿದ್ದರು. ಇದು ಗೊತ್ತಾದ ಮೇಲೂ ಕಲ್ಲು ಬದಲಾಯಿಸಲಿಲ್ಲ, ಅದೂ ನಿಜ.

ಉಂಗುರ ಬಂದ ವಾರ ಅಮ್ಮ ಊರಿಂದ ಬಂದಿದ್ದಳು. "ಯಾವ ದೆಸೆ ನಡೀತಿದ್ಯೇ ನಿಂಗೆ?" ಅಂತಲೇ ಶುರು ಮಾಡಿದಳು. ದೆಸೆ ಅಲ್ಲಮ್ಮ, ಸುಮ್ನೆ, ಅಂದೆ. ನನ್ನ ಬೆರಳಿಂದ ಕಳಚಿ ತನ್ನ ಬೆರಳುಗಳಿಗೆ ಒಂದೊಂದಾಗಿ ಹಾಕಿ ನೋಡಿದಳು. ಗೆಣ್ಣು ದಪ್ಪ, ಕಿರುಬೆರಳಿಗೆ ಮಾತ್ರ ಹೋಯಿತು. ಕಿಟಕಿ ಹತ್ತಿರ ಹೋಗಿ ಕೈ ತಿರುಗಿಸಿದಳು.

"ನಂಗೂ ಕೆಂಪಿನ ಓಲೆ ಬೇಕಿತ್ತು. ನಿಮ್ಮಜ್ಜಿ ಬಿಳೀ ಕಲ್ಲಿಂದೇ ಮಾಡಿಸಿದ್ರು."

ಮೂವತ್ತಮೂರು ವರ್ಷದಿಂದ ಅಮ್ಮನ ಕಿವಿಯಲ್ಲಿರೋ ಬೆಂಡೋಲೆ ಅದು. ಅವಳಿಗೆ ಅದು ಇಷ್ಟವಾ ಅಂತ ನಾನು ಒಮ್ಮೆಯೂ ಕೇಳಿರಲಿಲ್ಲ.

"ಈಗ ಮಾಡ್ಸೋಣ್ವಾ?"

"ಈ ವಯಸ್ಸಲ್ಲಿ ಯಾರು ನೋಡ್ಬೇಕು, ಬಿಡು."

ಪಾತ್ರೆ ತೊಳೆಯೋಕೆ ಹೋದವಳು ಉಂಗುರ ತೆಗೆಯಲಿಲ್ಲ. ಸಂಜೆ ನಾನೇ ಕೇಳುವವರೆಗೂ ಅದು ಅವಳ ಕಿರುಬೆರಳಲ್ಲೇ ಇತ್ತು.