ವೈರಿಯ ಮನೆಯ ಅಳು



ವೈರಿಯು ಬಿದ್ದಾಗ ಹಿಗ್ಗಬಾರದೆಂದು ಜ್ಞಾನೋಕ್ತಿಗಳ 24ನೆಯ ಅಧ್ಯಾಯದಲ್ಲಿ ಬುದ್ಧಿ ಹೇಳಿರುವದನ್ನು ನಾವೆಲ್ಲರೂ ಬಲ್ಲೆವು. ಹಿಗ್ಗದೆ ಸುಮ್ಮನಿದ್ದರೆ ಸಾಕೋ, ಅವನ ದುಃಖದಲ್ಲಿ ಪಾಲುಗಾರರೂ ಆಗಬೇಕೋ ಎಂಬದು ಅದರ ಮುಂದಿನ ಪ್ರಶ್ನೆ. ಹೊನ್ನೂರಿನ ಸುತ್ತಿನ ಸಭೆಗಳಲ್ಲಿ ಈ ಪ್ರಶ್ನೆಯು ಬೀದಿಯಿಂದಲೇ ಎದ್ದು ಬರುತ್ತದೆ. ನಮ್ಮ ಹಿರಿಯರು ಸುವಾರ್ತೆಯನ್ನು ಅಂಗೀಕರಿಸಿದ ಕಾಲದಲ್ಲಿ ಬಾವಿಯ ನೀರು ಕೊಡದೆ, ಕೂಲಿಗೆ ಕರೆಯದೆ ಹೋದ ಮನೆಗಳುಂಟು. ಗದ್ದೆಯ ಬದುವನ್ನು ಒತ್ತಿಕೊಂಡವರುಂಟು. ಅಂಥ ಮನೆಯಲ್ಲಿ ಸಾವು ಸಂಭವಿಸಿದರೆ ಹೋಗಬೇಕೋ ಬೇಡವೋ? ದೇವರೇ ತೀರಿಸಿದನೆಂದು ಮೆಲ್ಲಗೆ ಹೇಳುವವರೂ ನಮ್ಮಲ್ಲಿದ್ದಾರೆ.

ಈ ವಿಷಯದಲ್ಲಿ ಗ್ರೀಕರ ಹಳೆಯ ಗ್ರಂಥಗಳನ್ನು ಸ್ವಲ್ಪ ವಿಚಾರಿಸೋಣ. ಅನ್ಯರ ಕಾವ್ಯ ನಮಗೇಕೆ ಎಂದು ಯಾರೂ ಬೇಸರಪಡಬಾರದು; ಪೌಲನು ಅಥೇನೆಯಲ್ಲಿ ಆ ಜನರ ಕವಿಗಳ ಮಾತನ್ನೇ ಎತ್ತಿ ಬೋಧಿಸಿದನೆಂದು ಅಪೊಸ್ತಲರ ಕೃತ್ಯಗಳ 17ನೆಯ ಅಧ್ಯಾಯದಲ್ಲಿ ಓದುತ್ತೇವೆ.

ಎಸ್ತೇರಳ ಗ್ರಂಥದ ಅಹಷ್ವೇರೋಷ ರಾಜನು ಎಲ್ಲರಿಗೂ ಗೊತ್ತು. ಗ್ರೀಕರು ಕ್ಸೆರ್ಕ್ಸಸ್ ಎಂದು ಕರೆದ ಪಾರಸಿಕ ಚಕ್ರವರ್ತಿಯು ಇವನೇ ಎಂಬದು ಬಹುಮಂದಿ ಪಂಡಿತರ ಅಭಿಪ್ರಾಯ. ಅವನು ಮೂರನೆಯ ವರುಷದಲ್ಲಿ ಮಾಡಿದ ಔತಣಕ್ಕೂ ಏಳನೆಯ ವರುಷದಲ್ಲಿ ಎಸ್ತೇರಳು ರಾಣಿಯಾದದ್ದಕ್ಕೂ ನಡುವೆ, ಕ್ರಿ. ಪೂ. 480ರಲ್ಲಿ, ಅವನು ಗ್ರೀಸ್ ದೇಶದ ಮೇಲೆ ದಂಡೆತ್ತಿ ಹೋಗಿ ಅಥೇನೆಯನ್ನು ಸುಟ್ಟನು. ಆ ವರುಷವೇ ಸಲಾಮಿಸ್ ಎಂಬಲ್ಲಿ ಅವನ ಹಡಗುಗಳು ಮುರಿದು ಸೋತವು. ಎಂಟು ವರುಷಗಳಾದ ಮೇಲೆ, ಕ್ರಿ. ಪೂ. 472ರಲ್ಲಿ, ಈಸ್ಕಿಲಸ್ ಎಂಬ ಕವಿಯು ಅದೇ ಅಥೇನೆಯಲ್ಲಿ ಒಂದು ನಾಟಕವಾಡಿಸಿದನು. ಇವನು ಮರಥಾನ್ ಯುದ್ಧದಲ್ಲಿ ಪಾರಸಿಕರೊಡನೆ ಕಾದಿದವನು. ಇವನ ಸಹೋದರನು ಅಲ್ಲಿಯೇ ಸತ್ತಿದ್ದನು. ಹೀಗಿದ್ದರೂ ಅವನು ಆರಿಸಿಕೊಂಡ ಸ್ಥಳವು ಶೂಷನ್, ಶತ್ರುವಿನ ರಾಜಧಾನಿ. ಮಗನ ಸುದ್ದಿಗಾಗಿ ಕಾದಿರುವ ತಾಯಿ, ಮುದುಕರಾದ ಮಂತ್ರಿಗಳು, ಸೋಲನ್ನು ತಿಳಿಸುವ ದೂತನು, ಸಮಾಧಿಯಿಂದ ಏಳುವ ದಾರ್ಯಾವೆಷನು, ಕಡೆಯಲ್ಲಿ ಹರಿದ ಬಟ್ಟೆಯಲ್ಲಿ ಬಂದು ಗೋಳಾಡುವ ರಾಜನು: ಇಷ್ಟೇ ನಾಟಕ. ಸತ್ತ ಪಾರಸಿಕ ಸರದಾರರ ಹೆಸರುಗಳು ಒಂದೊಂದಾಗಿ ಹೇಳಲ್ಪಡುತ್ತವೆ. ಗೆದ್ದ ಗ್ರೀಕರಲ್ಲಿ ಒಬ್ಬನ ಹೆಸರೂ ಇಲ್ಲ.

ಇದನ್ನು ನೋಡಿದವರು ತಮ್ಮ ಮನೆಗಳು ಸುಟ್ಟದ್ದನ್ನು ಕಣ್ಣಾರೆ ಕಂಡವರು. ಅವರು ಮೃದು ಮನಸ್ಸಿನವರೆಂದೂ ಹೇಳಲಾಗದು. ಪೌಲನು ಎಫೆಸದ ಹಿರಿಯರನ್ನು ಕರೆಸಿ ಬೀಳ್ಕೊಂಡ ಮಿಲೇತ ಪಟ್ಟಣವು ಹಿಂದೆ ಪಾರಸಿಕರ ವಶವಾದಾಗ, ಫ್ರಿನಿಕಸ್ ಎಂಬವನು ಆ ದುಃಖವನ್ನು ನಾಟಕ ಮಾಡಿ ಜನರನ್ನೆಲ್ಲ ಅಳಿಸಿದನು. ಸ್ವಂತ ಸಂಕಟವನ್ನು ನೆನಪಿಗೆ ತಂದನೆಂದು ಅಥೇನೆಯವರು ಅವನಿಗೆ 1000 ದ್ರಾಖ್ಮೆ ದಂಡ ಹಾಕಿದರು. ತಮ್ಮವರ ಅಳುವನ್ನು ಸಹಿಸದೆ ದಂಡ ಹಾಕಿದ ಜನರು ವೈರಿಯ ಅಳುವನ್ನು ಕುಳಿತು ಕೇಳಿದರು. ಕೇಳಿ, ಬಹುಮಾನವನ್ನೂ ಕೊಟ್ಟರು. ಅದರಲ್ಲಿ ತಮ್ಮ ಜಯದ ಹೆಮ್ಮೆಯೂ ಬೆರೆತಿತ್ತೆಂದು ಆಕ್ಷೇಪಿಸುವವರಿದ್ದಾರೆ, ಬೆರೆತಿದ್ದದ್ದು ನಿಜವೇ. ಆದರೆ ಬರೀ ಹೆಮ್ಮೆಗಾದರೆ ಶತ್ರುವಿನ ತಾಯಿಯನ್ನು ಅಷ್ಟು ಗೌರವದಿಂದ ತೋರಿಸುವ ಅಗತ್ಯವಿರಲಿಲ್ಲವೆಂದು ನಮ್ಮ ಎಣಿಕೆ.

ಈ ಗುಣವು ಅವರ ಆದಿಕವಿಯಾದ ಹೋಮರನಿಂದಲೇ ಬಂದಿರಬೇಕು. ಅವನ ಇಲಿಯಡ್ ಕಾವ್ಯದ ಕಡೆಯ ಭಾಗದಲ್ಲಿ ಮುದುಕನಾದ ಪ್ರಿಯಾಮ ರಾಜನು ರಾತ್ರಿಯಲ್ಲಿ ಶತ್ರುವಿನ ಪಾಳೆಯಕ್ಕೆ ಬಂದು, ತನ್ನ ಮಕ್ಕಳನ್ನು ಕೊಂದ ಅಕಿಲೀಸನ ಕೈಗಳಿಗೆ ಮುದ್ದಿಟ್ಟು ಮಗನ ಹೆಣವನ್ನು ಬೇಡುತ್ತಾನೆ. ಅಕಿಲೀಸನಿಗೆ ಊರಿನಲ್ಲಿರುವ ತನ್ನ ಮುದಿ ತಂದೆಯ ನೆನಪಾಗುತ್ತದೆ. ಕೊಂದವನೂ ಕಳಕೊಂಡವನೂ ಒಂದೇ ಡೇರೆಯಲ್ಲಿ ಅಳುತ್ತಾರೆ. ಶವಸಂಸ್ಕಾರಕ್ಕಾಗಿ ಹನ್ನೊಂದು ದಿನ ಯುದ್ಧ ನಿಲ್ಲುತ್ತದೆ; ಹಗೆಯವನಾದ ಹೆಕ್ಟರನ ಉತ್ತರಕ್ರಿಯೆಯೊಡನೆ ಕಾವ್ಯವು ಮುಗಿಯುತ್ತದೆ.

ಕನ್ನಡಿಗರಿಗೂ ಇದು ಹೊಸದಲ್ಲ. 10ನೆಯ ಶತಮಾನದ ರನ್ನನು ದುರ್ಯೋಧನನ ಪತನವನ್ನು ಹಾಡಿದ ರೀತಿಗೆ ಓದುವವರ ಕಣ್ಣು ತುಂಬುತ್ತದೆ. ಬಿ. ಎಂ. ಶ್ರೀಕಂಠಯ್ಯನವರು 1926ರಲ್ಲಿ ಅದನ್ನು ನಾಟಕ ಮಾಡಿದರು; 1929ರಲ್ಲಿ ಸೊಫೊಕ್ಲಿಸನ ನಾಟಕವೊಂದನ್ನು ಅಶ್ವತ್ಥಾಮನ ಕಥೆಗೆ ಹೊಂದಿಸಿದರು; ಈಸ್ಕಿಲಸನ ಆ ನಾಟಕವನ್ನೇ 1935ರಲ್ಲಿ 'ಪಾರಸಿಕರು' ಎಂಬ ಹೆಸರಿನಿಂದ ಕನ್ನಡಕ್ಕೆ ತಂದರು. ಆದರೆ ದುರ್ಯೋಧನನಾಗಲಿ ಕ್ಸೆರ್ಕ್ಸಸನಾಗಲಿ ನಮ್ಮ ಕಾಲುವೆಯ ನೀರನ್ನು ತಿರುಗಿಸಿಕೊಂಡವರಲ್ಲ. ಅವರಿಗಾಗಿ ಅಳುವದು ಸುಲಭ.

ಸುವಾರ್ತೆಯಿಲ್ಲದವರೇ ಇಷ್ಟು ಮಾಡಿದರೆ ಅದನ್ನು ಹೊಂದಿದವರು ಎಷ್ಟೋ ಹೆಚ್ಚು ಮಾಡಿರಬೇಕೆಂದು ವಾಚಕರು ಎಣಿಸಬಹುದು. ಚರಿತ್ರೆಯು ಹಾಗೆ ಹೇಳುವದಿಲ್ಲ. 1821ರಲ್ಲಿ ಗ್ರೀಕರು ತುರ್ಕರ ಆಳಿಕೆಯ ವಿರುದ್ಧ ಎದ್ದರು. ಅವರು ಕ್ರೈಸ್ತರು, ಪೌಲನ ಪತ್ರಿಕೆಗಳು ಮೊದಲು ಬರೆಯಲ್ಪಟ್ಟ ಭಾಷೆಯ ವಾರಸುದಾರರು. ತ್ರಿಪೊಲಿತ್ಸಾ ಪಟ್ಟಣವನ್ನು ಹಿಡಿದಾಗ ಅವರು ತುರ್ಕರನ್ನೂ ಯೆಹೂದ್ಯರನ್ನೂ, ಹೆಂಗಸರು ಮಕ್ಕಳೆನ್ನದೆ, ಸಾವಿರಗಟ್ಟಲೆ ಕೊಂದರು. ಮರುವರುಷ ತುರ್ಕರು ಪೌಲನ ಹಡಗು ಹಾದುಹೋದ ಖೀಯೊಸ್ ದ್ವೀಪದಲ್ಲಿ ಹತ್ತಾರು ಸಾವಿರ ಕ್ರೈಸ್ತರನ್ನು ಸಂಹರಿಸಿದರು. ನೂರು ವರುಷಗಳ ತರುವಾಯ, ಮತ್ತೊಂದು ಯುದ್ಧವಾಗಿ, 1923ರ ಒಪ್ಪಂದದಿಂದ ಎರಡು ದೇಶದವರೂ ಮತವನ್ನು ನೋಡಿ ಜನರನ್ನು ಅದಲುಬದಲು ಮಾಡಿಕೊಂಡರು; ಮುಂಚೆಯೇ ಓಡಿಬಂದವರು ಸೇರಿ ಸುಮಾರು 12 ಲಕ್ಷ ಕ್ರೈಸ್ತರೂ ಮೂರೂವರೆ ಲಕ್ಷಕ್ಕೆ ಮಿಕ್ಕ ಮುಸಲ್ಮಾನರೂ ಹುಟ್ಟಿದ ನೆಲವನ್ನು ಬಿಟ್ಟರು. ಹಾಗೆ ಬಂದವರಲ್ಲಿ ದಿದೊ ಸೊತಿರಿಯು ಎಂಬ ಹೆಂಗಸು 1962ರಲ್ಲಿ ಒಂದು ಕಾದಂಬರಿ ಬರೆದಳು. ಅದರಲ್ಲಿ ಓಡಿಬಂದ ಗ್ರೀಕ ರೈತನೊಬ್ಬನು ಆಚೆಯ ದಡದ ತುರ್ಕರನ್ನು ನೆನೆದು, ಅವರ ನೆಲವನ್ನು ರಕ್ತದಿಂದ ನೆನೆಸಿದ್ದಕ್ಕಾಗಿ ಕ್ಷಮೆ ಬೇಡುತ್ತಾನೆ. ಈಸ್ಕಿಲಸನ ಧ್ವನಿಯು ಅಲ್ಲಿ ತಿರಿಗಿ ಕೇಳಿಬರುತ್ತದೆ.

ಇನ್ನೊಂದು ಸಂಗತಿಯನ್ನು ಗಮನಿಸತಕ್ಕದ್ದು. ಹಳೆಯ ಗ್ರೀಕ ಭಾಷೆಯಲ್ಲಿ ಶತ್ರುವಿಗೆ ಎರಡು ಮಾತುಗಳುಂಟು: ಯುದ್ಧದಲ್ಲಿ ಎದುರಾಗುವವನು 'ಪೊಲೆಮಿಯೊಸ್', ಮನಸ್ಸಿನಲ್ಲಿ ಹಗೆಯುಳ್ಳವನು, ಹೆಚ್ಚಾಗಿ ನೆರೆಯವನೇ, 'ಎಖ್ಥ್ರೊಸ್'. ಮತ್ತಾಯನ 5ನೆಯ ಅಧ್ಯಾಯದಲ್ಲಿ ಕರ್ತನು ಪ್ರೀತಿಸಬೇಕೆಂದು ಆಜ್ಞಾಪಿಸಿದ ಸ್ಥಳದಲ್ಲಿರುವದು ಎರಡನೆಯ ಮಾತು. ಆದಕಾರಣ ಆ ಆಜ್ಞೆಯು ದೂರದ ಶೂಷನ್ನಿಗಿಂತ ಮೊದಲು ನಮ್ಮ ಪಕ್ಕದ ಬದುವಿಗೆ ಸಲ್ಲುತ್ತದೆ.

ಸಾವಿನ ಮನೆಯಲ್ಲಿ ಪೂಜೆ ನಡೆಯುತ್ತದಲ್ಲಾ ಎಂಬ ಸಂಶಯವು ನ್ಯಾಯವಾದದ್ದೇ. ಆ ಕ್ರಮಗಳಲ್ಲಿ ನಾವು ಕೈಹಾಕಲಾರೆವು, ಎಡೆಯಿಟ್ಟದ್ದನ್ನು ತಿನ್ನಲಾರೆವು, ಕೇಳಿದರೆ ಕಾರಣವನ್ನು ಮರ್ಯಾದೆಯಿಂದ ಹೇಳಬಹುದು. ಜಗಲಿಯ ಮೇಲೆ ಕುಳಿತು ಅವರೊಡನೆ ಹೊತ್ತು ಕಳೆಯುವದಕ್ಕೂ, ಗುಂಡಿ ತೋಡಲು ಆಳು ಸಾಲದಿದ್ದರೆ ಗುದ್ದಲಿ ತಕ್ಕೊಂಡು ಹೋಗುವದಕ್ಕೂ ವೇದವಾಕ್ಯದಲ್ಲಿ ಅಡ್ಡಿಯೇನೂ ನಮಗೆ ಕಾಣಲಿಲ್ಲ.