ಅರ್ಧ ಮಾತ್ರೆಯ ಸಂಕೋಚ



ನಿಮ್ಮ ಧರ್ಮಕೇಂದ್ರದಲ್ಲೂ ಅಂಥ ಒಬ್ಬ ಅಜ್ಜಿ ಇರಬಹುದು. ತಮ್ಮದೆಂದು ಕೈಗೆ ಬರುವುದು ಸಂಧ್ಯಾ ಸುರಕ್ಷಾ ಪಿಂಚಣಿ ಮಾತ್ರ. 2021ರಲ್ಲಿ ಸರ್ಕಾರ ಅದನ್ನು ತಿಂಗಳಿಗೆ 1,200 ರೂಪಾಯಿಗೆ ಏರಿಸಿತು. ಮನೆಖರ್ಚಿಗೆ ಕೊಟ್ಟ ಮೇಲೆ ರಕ್ತದೊತ್ತಡದ ಮಾತ್ರೆಗೆ ಉಳಿಯುವುದೆಷ್ಟು? ಮಾತ್ರೆಯನ್ನು ಅರ್ಧ ಮಾಡಿ ನುಂಗುತ್ತಾರೆ. ಕೇಳಿದರೆ, "ಸರ್ಕಾರ ಕೊಡುತ್ತಿದೆಯಲ್ಲ, ಇನ್ನೂ ಕೈಚಾಚಲೇ?" ಎನ್ನುತ್ತಾರೆ.

ಈ ಸಂಕೋಚ ವಿನಯವೇ? ಅಲ್ಲ. ಪ್ರಾಣ ದೇವರ ವರ; ಅದನ್ನು ಕಾಪಾಡಿಕೊಳ್ಳಲು ನೆರವು ಕೇಳುವುದು ತಪ್ಪಲ್ಲ. ಜನ ಗದರಿಸಿದರೂ ಕುರುಡ ಬಾರ್ತಿಮಾಯ ಕೂಗುವುದನ್ನು ನಿಲ್ಲಿಸಲಿಲ್ಲ. ಪ್ರಭು ಯೇಸು ಅವನನ್ನು ಕರೆಸಿಕೊಂಡರು.

ಆದರೆ ಗದರಿಸಿದ ಆ ಜನ ಯಾರು? ನಾವೇ ಅಲ್ಲವೇ? "ಪಿಂಚಣಿ ಬರುತ್ತದಲ್ಲ" ಎಂಬ ನಮ್ಮ ಒಂದು ಮಾತು ಸಾಕು, ಬಡವರ ಬಾಯಿ ಕಟ್ಟಲು. ಸಮಾರಿಯದವನು ಗಾಯ ಕಟ್ಟಿ ಸುಮ್ಮನೆ ಹೊರಟುಹೋಗಲಿಲ್ಲ. ಛತ್ರದವನ ಕೈಗೆ ಎರಡು ನಾಣ್ಯವಿತ್ತು, ಮುಂದಿನ ಖರ್ಚನ್ನೂ ತಾನೇ ಹೊತ್ತನು. ಗಾಯಾಳು ಕೇಳುವವರೆಗೆ ಆತ ಕಾಯಲಿಲ್ಲ.

ಈ ಭಾನುವಾರ ಬಲಿಪೂಜೆಯ ನಂತರ ಅಜ್ಜಿಯ ಮನೆಗೆ ಹೋಗಿ. ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಉಚಿತವಾಗಿ ಕೊಡುತ್ತಾರೆ. ಅವರನ್ನು ಕರೆದುಕೊಂಡು ಹೋಗಿ. ಅಲ್ಲಿ ಸಿಗದ ಔಷಧಿಯನ್ನು, ವೈದ್ಯರನ್ನು ಕೇಳಿ, ಜನೌಷಧಿ ಕೇಂದ್ರದಲ್ಲಿ ಕಡಿಮೆ ಬೆಲೆಗೆ ಕೊಳ್ಳಬಹುದು. ಆಗಲೂ ಕೊರತೆಯಾದರೆ ಸಂತ ವಿನ್ಸೆಂಟ್ ದ ಪೌಲ್ ಸಭೆಯವರಿಗೆ ಗುಟ್ಟಾಗಿ ತಿಳಿಸಿ. ಇಲ್ಲವೇ ನಿಮ್ಮ ಜೇಬಿನ ಎರಡು ನಾಣ್ಯವನ್ನು ನೆನೆಯಿರಿ.

ಬಡವರು ಕೇಳಲು ನಾಚುವಂತೆ ಮಾಡಿದ ತಪ್ಪು ನಮ್ಮದು. ಅದನ್ನು ತಿದ್ದಿಕೊಳ್ಳುವ ಮನಸ್ಸನ್ನು ಪ್ರಭು ನಮಗೆ ಕರುಣಿಸಲಿ.