ದಾರಿಯ ಮುಳ್ಳು, ಈಮಾನಿನ ಶಾಖೆ



ಈಮಾನ್‌ಗೆ ಎಪ್ಪತ್ತಕ್ಕೂ ಮಿಕ್ಕಿದ ಶಾಖೆಗಳಿವೆಯೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಅವುಗಳಲ್ಲಿ ಅತ್ಯುನ್ನತವಾದುದು ಅಲ್ಲಾಹನ ಹೊರತು ಅನ್ಯ ಆರಾಧ್ಯರಿಲ್ಲವೆಂಬ ಸಾಕ್ಷ್ಯ. ಕಟ್ಟಕಡೆಯದು ದಾರಿಯಿಂದ ಉಪದ್ರವಕಾರಿ ವಸ್ತುವನ್ನು ಸರಿಸುವುದು. ಕಟ್ಟಕಡೆಯದಾದರೂ ಅದು ಈಮಾನಿನದೇ ಶಾಖೆಯೆಂಬುದನ್ನು ನಾವು ಎಷ್ಟು ಮಂದಿ ನೆನಪಿಟ್ಟಿದ್ದೇವೆ?

ದಾರಿಯ ಸೇವೆಗೆ ಒಂದು ಉದಾಹರಣೆ ನೋಡಿ. ಅಮೇರಿಕದ ಪೂರ್ವಭಾಗದ ಅಪಲೇಚಿಯನ್ ಬೆಟ್ಟಗಳಲ್ಲಿ ಸುಮಾರು 3,500 ಕಿಲೋಮೀಟರ್ ಉದ್ದದ ಒಂದು ಕಾಲುದಾರಿಯಿದೆ. ಜಾರ್ಜಿಯದಿಂದ ಮೇನ್‌ವರೆಗೆ ಅದು 14 ರಾಜ್ಯಗಳನ್ನು ಹಾದುಹೋಗುತ್ತದೆ. 1921ರಲ್ಲಿ ಬೆಂಟನ್ ಮೆಕ್ಕಾಯ್ ಎಂಬವರು ಅದರ ಯೋಜನೆಯನ್ನು ಮುಂದಿಟ್ಟರು. 1937ರಲ್ಲಿ ದಾರಿ ಪೂರ್ಣಗೊಂಡಿತು. ಅದನ್ನು ಇಂದಿಗೂ ಕಾಪಾಡುತ್ತಿರುವವರು ಬಹುಮಟ್ಟಿಗೆ ಕೂಲಿ ಪಡೆಯದ ಸ್ವಯಂಸೇವಕರು.

ಕಾಡಿನ ದಾರಿಗೆ ದೊಡ್ಡ ಶತ್ರು ನೀರು. ಮಳೆನೀರು ದಾರಿಯುದ್ದಕ್ಕೂ ಹರಿದರೆ ಮಣ್ಣು ಕೊಚ್ಚಿಹೋಗಿ ದಾರಿಯೇ ತೋಡಾಗುತ್ತದೆ. ಆದುದರಿಂದ ಇವರು ಓರೆಯಾಗಿ ಕಲ್ಲು ಅಥವಾ ದಿಮ್ಮಿಗಳನ್ನು ಹೂತು ನೀರನ್ನು ಬದಿಗೆ ತಿರುಗಿಸುತ್ತಾರೆ. ಆದರೆ ಅಲ್ಲಿ ತರಗೆಲೆ, ಹೂಳು ಮತ್ತೆ ಮತ್ತೆ ತುಂಬುತ್ತದೆ. ಪ್ರತಿಸಲವೂ ಯಾರಾದರೂ ಗುದ್ದಲಿ ಹಿಡಿದು ಬೆಟ್ಟ ಹತ್ತಲೇಬೇಕು. 2024ರ ಸೆಪ್ಟೆಂಬರಿನಲ್ಲಿ ಹೆಲೀನ್ ಚಂಡಮಾರುತ ಬೀಸಿದಾಗ ದಾರಿಯ ದಕ್ಷಿಣ ಭಾಗದಲ್ಲಿ ಅಸಂಖ್ಯ ಮರಗಳು ಉರುಳಿದವು. ಸಂರಕ್ಷಿತ ವನ್ಯಪ್ರದೇಶಗಳಲ್ಲಿ ಯಂತ್ರದ ಗರಗಸಕ್ಕೆ ಸಾಮಾನ್ಯವಾಗಿ ಅನುಮತಿಯಿಲ್ಲ. ಅಲ್ಲಿ ಇಬ್ಬರು ಆಚೀಚೆ ನಿಂತು ಎಳೆಯುವ ಕೈಗರಗಸವೇ ಗತಿ.

ಓದುಗರೇ, ಈ ಕೆಲಸದಲ್ಲಿ ಹೆಸರೆಲ್ಲಿದೆ? ಎಡವಿದವನು ದಾರಿಯನ್ನು ದೂರುತ್ತಾನೆ. ಎಡವದೆ ದಾಟಿದವನಿಗೆ, ಕಲ್ಲು ಸರಿಸಿದವನೊಬ್ಬನಿದ್ದ ಎಂಬುದೇ ತಿಳಿಯದು. ಹಿಂದೊಮ್ಮೆ ದಾರಿಯಲ್ಲಿದ್ದ ಮುಳ್ಳಿನ ಕೊಂಬೆಯನ್ನು ಸರಿಸಿದ ಒಬ್ಬ ಮನುಷ್ಯನನ್ನು ಅಲ್ಲಾಹನು ಕ್ಷಮಿಸಿದನೆಂದು ಹದೀಸ್‌ನಲ್ಲಿದೆ. ಆತನ ಹೆಸರೂ ನಮಗೆ ತಿಳಿದಿಲ್ಲ. ಅಲ್ಲಾಹನಿಗೆ ತಿಳಿದಿದೆ, ಅಷ್ಟು ಸಾಕಾಯಿತು. ಇಖ್ಲಾಸ್ ಎಂದರೆ ಇದುವೇ.

ಈಗ ನಮ್ಮ ಮೊಹಲ್ಲಾದ ಕಡೆ ತಿರುಗೋಣ. ಹೊಸ ಕಟ್ಟಡಕ್ಕೆ ಹಣ ಕೂಡುತ್ತದೆ, ಫಲಕದಲ್ಲಿ ದಾನಿಗಳ ಹೆಸರು ಬರುತ್ತದೆ. ಆದರೆ ಕಟ್ಟಿಕೊಂಡ ವುಝೂವಿನ ಚರಂಡಿಯನ್ನು ಬಿಡಿಸಲು ಎಷ್ಟು ಜನ ಮುಂದೆ ಬರುತ್ತಾರೆ? ಮದ್ರಸದಲ್ಲಿ ಈ ಹದೀಸ್ ಕಂಠಪಾಠ ಮಾಡಿದ ನಾವೇ ಜುಮಾದ ದಿನ ಮಸೀದಿಯ ಮುಂದೆ ವಾಹನ ಅಡ್ಡ ನಿಲ್ಲಿಸುತ್ತೇವೆ. ರೋಗಿಯನ್ನು ಕರೆದೊಯ್ಯುವವರು ಅಲ್ಲೇ ಸಿಕ್ಕಿಕೊಂಡರೆ ನಮ್ಮ ನಮಾಝ್ ನಮಗೆ ಏನು ಕಲಿಸಿದಂತಾಯಿತು? ದಾರಿಯ ಮುಳ್ಳನ್ನು ಸರಿಸಬೇಕಾದವರೇ ಮುಳ್ಳಾಗಬಾರದು.

ಮಳೆಗಾಲಕ್ಕೆ ಮುನ್ನ ನಿಮ್ಮ ಮಕ್ಕಳನ್ನು ಕರೆದುಕೊಂಡು ಹೊರಡಿ. ಅವರು ಶಾಲೆಗೂ ಮದ್ರಸಕ್ಕೂ ನಡೆಯುವ ದಾರಿಯ ಕಣಿ ಬಿಡಿಸಿ, ಮುಳ್ಳು ಕಡಿಯಿರಿ. ಆ ದಾರಿಯಲ್ಲಿ ನೆರೆಮನೆಯ ಹಿಂದೂ, ಕ್ರೈಸ್ತ ಮಕ್ಕಳೂ ನಡೆಯಲಿ. ಮುಂದಿನ ವರ್ಷ ಹೂಳು ಪುನಃ ತುಂಬೀತು. ಬೇಸರಿಸಬೇಡಿ, ಪುನಃ ತೆಗೆಯಿರಿ. ಅಲ್ಪವಾದರೂ ನಿರಂತರವಾಗಿರುವ ಕರ್ಮ ಅಲ್ಲಾಹನಿಗೆ ಹೆಚ್ಚು ಪ್ರಿಯ.

ಯಾರೂ ನೋಡದ ಸತ್ಕರ್ಮವನ್ನೂ ಪ್ರೀತಿಸುವ ಮನಸ್ಸನ್ನು ಅಲ್ಲಾಹನು ನಮಗೆಲ್ಲರಿಗೂ ಅನುಗ್ರಹಿಸಲಿ. ಆಮೀನ್.